ಹಳೇ ಪಿಕಪ್‌ಗೆ ಮರಳಿ ತಂಪು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಹಗಲಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಅಂಥ ಕಡೆ ಏಸಿ ಕೆಟ್ಟ ಟ್ರಕ್ಕಿನ ಕ್ಯಾಬಿನ್‌ನಲ್ಲಿ ಕೂರುವುದೆಂದರೆ ಕಾದ ಕಾವಲಿಯ ಮೇಲೆ ಕೂತ ಹಾಗೆ. ಆದರೂ ಅಲ್ಲಿನವರು ಹಳೇ ಪಿಕಪ್‌ಗಳನ್ನು ಗುಜರಿಗೆ ಹಾಕಲು ಒಪ್ಪುವುದಿಲ್ಲ. 1973ರಿಂದ 1987ರವರೆಗೆ ಬಂದ ಶೆವ್ರೊಲೆ ಪಿಕಪ್‌ಗೆ ‘ಸ್ಕ್ವೇರ್ ಬಾಡಿ’ ಎಂಬ ಮುದ್ದಿನ ಹೆಸರೇ ಇದೆ. ಎಂಜಿನ್ ಬಿಚ್ಚಿ ಕಟ್ಟುವುದು ಸುಲಭ, ಬಿಡಿಭಾಗಗಳು ಈಗಲೂ ಸಿಗುತ್ತವೆ. ಸುಲಭಕ್ಕೆ ಸಿಗದಿರುವುದು ಏಸಿಯೊಳಗಿನ ಗ್ಯಾಸ್.

ಆ ಗ್ಯಾಸ್ ಆರ್-12. ಜನರ ಬಾಯಲ್ಲಿ ಫ್ರಿಯಾನ್. ವಿಷವಲ್ಲ, ಬೆಂಕಿ ಹತ್ತುವುದಿಲ್ಲ ಎಂದು ದಶಕಗಳ ಕಾಲ ಎಲ್ಲರೂ ಮೆಚ್ಚಿ ಬಳಸಿದರು. ಇಂಥ ಅನಿಲಗಳಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರಲ್ಲಿ ಇಂಥ ಅನಿಲಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದವಾಯಿತು. 1995 ಮುಗಿಯುವುದರೊಳಗೆ ಅಮೆರಿಕದಲ್ಲಿ ಆರ್-12 ತಯಾರಿಕೆ ನಿಂತಿತು. ಔಷಧದ ಇನ್‌ಹೇಲರ್‌ನಂಥ ಬಳಕೆ ಬಿಟ್ಟರೆ ಭಾರತದಲ್ಲೂ 2008ರ ಆಗಸ್ಟ್‌ನಲ್ಲಿ ಅದೇ ಆಯಿತು. ಅದರ ಜಾಗಕ್ಕೆ ಬಂದದ್ದು ಕ್ಲೋರಿನ್ ಇಲ್ಲದ ಆರ್-134ಎ. ಹಳೇ ಏಸಿಯನ್ನು ಈ ಗ್ಯಾಸಿಗೆ ಒಗ್ಗಿಸುವುದೇ ಅಮೆರಿಕದ ಹಳೇ ಪಿಕಪ್ ಗ್ಯಾರೇಜುಗಳ ಕಸುಬು.

ಹಳೆಯದನ್ನು ತೆಗೆದು ಹೊಸ ಗ್ಯಾಸ್ ತುಂಬಿಸಿದರೆ ಆಯಿತಲ್ಲ ಎನ್ನಿಸಬಹುದು. ಹಾಗೆ ಮಾಡಿದ ಗಾಡಿಗಳೇ ಬೇಗ ಗ್ಯಾರೇಜಿಗೆ ವಾಪಸು ಬರುವುದು. ಬಹುತೇಕ ಏಸಿ ಕಂಪ್ರೆಸರ್‌ಗಳಿಗೆ ಬೇರೆ ಆಯಿಲ್ ಪಂಪ್ ಇರುವುದಿಲ್ಲ. ಪೈಪುಗಳಲ್ಲಿ ಸುತ್ತುವ ಗ್ಯಾಸೇ ಎಣ್ಣೆಯನ್ನು ಹೊತ್ತು ತರಬೇಕು. ಆರ್-12 ಜೊತೆ ಚೆನ್ನಾಗಿ ಬೆರೆಯುತ್ತಿದ್ದ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಅದು ಎಲ್ಲೋ ಒಂದು ಮೂಲೆಯಲ್ಲಿ ನಿಂತುಬಿಡುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಅದಕ್ಕೇ ಬಲ್ಲವರು ಮೊದಲು ಕಂಪ್ರೆಸರ್ ಇಳಿಸಿ, ಬಗ್ಗಿಸಿ, ಹಳೇ ಎಣ್ಣೆಯನ್ನು ಪೂರ್ತಿ ಬಸಿಯುತ್ತಾರೆ. ಪೈಪು, ಕಾಯಿಲ್‌ಗಳನ್ನು ತೊಳೆದು, ಹೊಸ ಗ್ಯಾಸಿಗೆ ಒಗ್ಗುವ ಪಿಎಜಿ ಅಥವಾ ಎಸ್ಟರ್ ಎಣ್ಣೆಯನ್ನು ಅಳತೆ ಮಾಡಿ ಹಾಕುತ್ತಾರೆ. ಹಳೆಯದು ಒಂದಿಷ್ಟು ಉಳಿದಿದ್ದರೂ ಎಸ್ಟರ್ ಹೊಂದಿಕೊಂಡು ಹೋಗುತ್ತದೆ.

ಕಾಯಿಲೆ ತಿಳಿಯಬೇಕಾದರೆ ನೋಡಬೇಕಾದದ್ದು ಆರಿಫಿಸ್ ಟ್ಯೂಬ್. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ; ನಡುವೆ ಸಣ್ಣ ರಂಧ್ರ, ತುದಿಗೆ ಜಾಲರಿ. ಕೂಲಿಂಗ್ ಕಾಯಿಲ್‌ಗೆ ಹೋಗುವ ಪೈಪಿನ ಜಾಯಿಂಟ್ ಬಿಚ್ಚಿ ಚೂಪು ಮೂತಿಯ ಇಕ್ಕಳದಿಂದ ಇದನ್ನು ಮೆಲ್ಲಗೆ ಎಳೆಯುತ್ತಾರೆ. ಜಾಲರಿ ಸ್ವಚ್ಛವಾಗಿದ್ದರೆ ನಿಶ್ಚಿಂತೆ. ಕಪ್ಪು ಕೆಸರಿನಲ್ಲಿ ಲೋಹದ ಪುಡಿ ಮಿನುಗಿದರೆ ಕಂಪ್ರೆಸರ್ ಒಳಗೊಳಗೇ ಸವೆದಿದೆ ಎಂದರ್ಥ. ಅಮೆರಿಕದ ಮೆಕ್ಯಾನಿಕ್‌ಗಳು ಇದನ್ನು ‘ಬ್ಲ್ಯಾಕ್ ಡೆತ್’ ಎನ್ನುತ್ತಾರೆ. ಆಗ ಕಂಪ್ರೆಸರ್ ಜೊತೆಗೆ ಶಾಖವನ್ನು ಹೊರಬಿಡುವ ಕಂಡೆನ್ಸರನ್ನೂ ಬದಲಾಯಿಸಬೇಕಾಗುತ್ತದೆ. ಹೇಗೂ ಹಳೇ ಕಾಲದ ಕಂಡೆನ್ಸರ್‌ಗೆ ಆರ್-134ಎ ಹೊರಹಾಕುವ ಶಾಖವನ್ನು ತಡೆದುಕೊಳ್ಳುವುದು ಕಷ್ಟ, ಅದರಲ್ಲೂ ಸಿಗ್ನಲ್‌ನಲ್ಲಿ ನಿಂತಾಗ. ‘ಪ್ಯಾರಲಲ್ ಫ್ಲೋ’ ಕಂಡೆನ್ಸರ್ ಕೂರಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಓ-ರಿಂಗ್‌ಗಳು, ತೇವ ಹೀರುವ ಅಕ್ಯುಮುಲೇಟರ್ ಹೊಸದಾಗಲೇಬೇಕು. ಆಮೇಲೆ ವ್ಯಾಕ್ಯೂಮ್: ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಎಳೆಯುವುದು. ನೀರಿನಂಶ ಉಳಿದರೆ ರಂಧ್ರದಲ್ಲಿ ಮಂಜುಗಟ್ಟುತ್ತದೆ, ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪನ್ನು ಮುಕ್ಕಾಲು ಗಂಟೆ ಓಡಿಸಿ, ವಾಲ್ವ್ ಮುಚ್ಚಿ, ಗೇಜಿನ ಮುಳ್ಳು ಕದಲುತ್ತದೆಯೇ ಎಂದು ಕಾಯಬೇಕು. ಅವಸರದವರು ತಪ್ಪುವುದು ಇಲ್ಲೇ. ಕೊನೆಗೆ ಗ್ಯಾಸ್: ಆರ್-12 ಹಿಡಿಯುತ್ತಿದ್ದ ತೂಕದ ಶೇ 80ರಿಂದ 90ರಷ್ಟು ಸಾಕು. ಹೆಚ್ಚು ತುಂಬಿಸಿದರೆ ಒತ್ತಡ ಏರಿ ತಂಪು ಇಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಡಬ್ಬಿ ತಂದು ಹಳೆಯದರ ಮೇಲೇ ಗ್ಯಾಸ್ ಸುರಿಯುವವರು ಅಲ್ಲೂ ಇದ್ದಾರೆ. ಪ್ರೊಪೇನ್ ಬೆರೆಸಿದ ಅನಿಲ ತುಂಬಿಸುವವರೂ ಇದ್ದಾರೆ. ಆರ್-12 ಗಾಡಿಗೆ ಅದನ್ನು ಹಾಕುವುದು ಅಮೆರಿಕದಲ್ಲಿ ಕಾನೂನುಬಾಹಿರ, ಸೋರಿದರೆ ಕ್ಯಾಬಿನ್‌ಗೇ ಬೆಂಕಿಯ ಅಪಾಯ. ಇವೆಲ್ಲಕ್ಕಿಂತ ನನಗೆ ಸಂಕಟವಾಗುವುದು ಉಳಿದ ಆರ್-12 ಅನ್ನು ಗಾಳಿಗೆ ಬಿಡುವವರನ್ನು ನೆನೆದರೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 10,000 ಪಟ್ಟು ಪ್ರಬಲ. ಆರ್-134ಎ ಕೂಡ ಸಾಧುವಲ್ಲ, ಸುಮಾರು 1,400 ಪಟ್ಟು. ಅಮೆರಿಕದ ಕಾನೂನಿನಂತೆ ಸರ್ಟಿಫಿಕೇಟ್ ಪಡೆದ ಮೆಕ್ಯಾನಿಕ್ ಯಂತ್ರದಿಂದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳಬೇಕು. ಶುದ್ಧಗೊಂಡ ಆರ್-12, ಏಸಿಯನ್ನು ಮೂಲ ರೂಪದಲ್ಲೇ ಉಳಿಸಿಕೊಂಡವರ ಗಾಡಿಗಳಿಗೆ ಮತ್ತೆ ಬಳಕೆಯಾಗುತ್ತದೆ.

ಪರಿವರ್ತನೆ ಮುಗಿದ ಗಾಡಿಗೆ ಹಳೇ ಗ್ಯಾಸಿನ ಪೈಪು ಕೂರದಂಥ ಬೇರೆ ಫಿಟಿಂಗ್ ಹಾಕುವುದು ಕಡ್ಡಾಯ. ಬಾನೆಟ್ಟಿನಡಿ ಆಕಾಶನೀಲಿ ಲೇಬಲ್ ಕೂಡ ಅಂಟಿಸಬೇಕು: ಯಾವ ಗ್ಯಾಸ್, ಎಷ್ಟು ತೂಕ, ಯಾವ ಎಣ್ಣೆ, ಯಾವ ದಿನ, ಕೆಲಸ ಮಾಡಿದವರು ಯಾರು. ಹಳೇ ಪಿಕಪ್ ಕೊಳ್ಳುವವರು ಬಾನೆಟ್ ಎತ್ತಿದಾಗ ಎಂಜಿನ್ ನಂಬರಿನ ಜೊತೆ ಈ ಲೇಬಲನ್ನೂ ಹುಡುಕಬೇಕು. ಅದಿಲ್ಲದ ಗಾಡಿಗೆ ಗೇಜ್ ಜೋಡಿಸುವ ಮುನ್ನ ಒಳಗಿರುವ ಗ್ಯಾಸ್ ಯಾವುದೆಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.