ಕೊಟ್ಟು ಉಣ್ಣುವ ಕ್ರಿಸ್‌ಮಸ್

ಡಿಸೆಂಬರ್ ಎರಡನೆಯ ವಾರ ಕಳೆಯುತ್ತಿದ್ದಂತೆ ಗದಗ-ಬೆಟಗೇರಿಯ ಪೇಟೆಯಲ್ಲಿ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಬೇಕರಿಗಳ ಗಾಜಿನ ಕಪಾಟಿನಲ್ಲಿ ಕೇಕು, ಬಟ್ಟೆ ಅಂಗಡಿಗಳಲ್ಲಿ ಮಕ್ಕಳ ಕೆಂಪು ಟೊಪ್ಪಿಗೆ. ತಿಂಗಳ ಪಗಾರದ ಮೇಲೆ ನಿಂತ ಮನೆಯೊಂದು ಎಲ್ಲರಿಗೂ ಹೊಸ ಬಟ್ಟೆ, ಮಕ್ಕಳಿಗೆ ಆಟಿಕೆ, ಬಂಧುಗಳಿಗೆ ಉಡುಗೊರೆ, ಊಟ, ದೀಪ ಎಂದು ಪಟ್ಟಿ ಬರೆಯುತ್ತ ಹೋದರೆ ಹೊಸ ವರ್ಷ ಕೈಸಾಲದಿಂದಲೇ ಆರಂಭವಾಗುತ್ತದೆ. ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಗೋದಲಿಯಲ್ಲಿ ಮಲಗಿದ ಮಗುವಿನ ಹಬ್ಬ ಸಾಲದ ಹಬ್ಬವಾಗುವುದು ವಿಚಿತ್ರವೇ ಸರಿ.

ಖರ್ಚಿಲ್ಲದಿದ್ದರೆ ಹಬ್ಬವೇ ಅಲ್ಲ ಎಂಬ ಭಾವನೆ ಕ್ರಿಸ್‌ಮಸ್‌ನಷ್ಟು ಹಳೆಯದಲ್ಲ. ಈ ಹಬ್ಬದ ಚರಿತ್ರೆಯನ್ನು ತಿರುವಿ ನೋಡಿದರೆ, ಅದರ ಹಳೆಯ ಆಚರಣೆಗಳಲ್ಲಿ ಕೊಳ್ಳುವುದಕ್ಕಿಂತ ಕೊಡುವುದೇ ಮುಂದಿದೆ.

ಉಡುಗೊರೆ ಬಂದ ದಾರಿ

ಕೆಂಪು ಅಂಗಿಯ ಸಾಂತಾಕ್ಲಾಸ್‌ಗೆ ಮೂಲಪುರುಷನೆಂದು ಹೇಳಲಾಗುವ ಸಂತ ನಿಕೊಲಾಸ್ ನಾಲ್ಕನೆಯ ಶತಮಾನದವನು. ಇಂದಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನ ಬಿಷಪ್. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾರದೆ ಕಂಗೆಟ್ಟಿದ್ದ ಒಬ್ಬ ಬಡ ತಂದೆಯ ಮನೆಯೊಳಗೆ ಆತ ರಾತ್ರಿ ವೇಳೆ ಚಿನ್ನದ ಗಂಟನ್ನು ಎಸೆದು ಹೋದನೆಂಬುದು ಐತಿಹ್ಯ. ಕೊಟ್ಟವನು ಯಾರೆಂದು ತಿಳಿಯಬಾರದು ಎಂಬುದೇ ಆ ಕತೆಯ ತಿರುಳು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಚರ್ಚುಗಳಲ್ಲಿ ಒಂದೊಂದಾಗಿ ಮೇಣದ ಬತ್ತಿ ಹಚ್ಚುವ ಪದ್ಧತಿಯ ಮೂಲವೂ ಹೀಗೆಯೇ ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದ ಮಕ್ಕಳು ದಿನ ಎಣಿಸಲಿ ಎಂಬುದಷ್ಟೇ ಅದರ ಉದ್ದೇಶವಾಗಿತ್ತು.

ಪೇಟೆ ಈ ಹಬ್ಬದೊಳಗೆ ಕಾಲಿಟ್ಟದ್ದೂ ಅದೇ ಶತಮಾನದಲ್ಲಿ. ಮಾರಾಟಕ್ಕೆಂದೇ ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಬಳಿಕ ಯುರೋಪು, ಅಮೆರಿಕಗಳ ದೊಡ್ಡ ಮಳಿಗೆಗಳಿಗೆ ಡಿಸೆಂಬರ್ ವರ್ಷದ ದೊಡ್ಡ ಸುಗ್ಗಿಯಾಯಿತು. ಇದರ ಭಾರ ಯಾರ ಮೇಲೆ ಬಿತ್ತೆಂಬುದಕ್ಕೆ ಒಂದು ನಿದರ್ಶನವಿದೆ. ನ್ಯೂಯಾರ್ಕಿನ ಅಂಗಡಿಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕ್ರಿಸ್‌ಮಸ್ ಬಂದರೆ ವಂತಿಗೆ ಹಾಕಿ ಮೇಲಧಿಕಾರಿಗಳಿಗೆ ಉಡುಗೊರೆ ಕೊಡಬೇಕಾಗಿತ್ತು. ಇದನ್ನು ವಿರೋಧಿಸಿ 1912ರಲ್ಲಿ ‘ನಿರುಪಯುಕ್ತ ಉಡುಗೊರೆ ತಡೆ ಸಂಘ’ ಹುಟ್ಟಿಕೊಂಡಿತು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅದರ ಸದಸ್ಯರಾದರು. ಉಡುಗೊರೆ ಬೇಡವೆಂದು ಸಂಘ ಹೇಳಲಿಲ್ಲ. ಮನಸ್ಸಿಲ್ಲದ, ಬಲವಂತದ ಉಡುಗೊರೆ ಬೇಡವೆಂದಿತು.

ಬೆಟಗೇರಿಯ ನೆನಪು

ಗದಗ ಸೀಮೆಗೆ ಕ್ರಿಸ್‌ಮಸ್ ಬಂದದ್ದು ಪೇಟೆಯ ದಾರಿಯಲ್ಲಿ ಅಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿಗಳ ನಂತರ 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿ ನೆಲೆಯೂರಿತು. ಸರಳ ಜೀವನ, ದುಡಿಮೆ, ಮಿತವ್ಯಯಗಳನ್ನು ಮುಖ್ಯವೆಂದು ನಂಬಿದ ಪಂಥ ಅವರದು. 1876–78ರ ಮಹಾಕ್ಷಾಮ ಧಾರವಾಡ ಸೀಮೆಯನ್ನು ಹಿಂಡಿದಾಗ ಅನಾಥರಾದ ಮಕ್ಕಳನ್ನು ಮಿಷನ್ ಸಾಕಿತು. ಮುಂದೆ ಬೆಟಗೇರಿಯಲ್ಲಿ ಬೆಳೆದ ಮಿಷನ್ ಆಸ್ಪತ್ರೆಯನ್ನು ಜನ ಜರ್ಮನ್ ಆಸ್ಪತ್ರೆ ಎಂದೇ ಕರೆದರು. ಬರದ ನಾಡಿನಲ್ಲಿ ಬೇರೂರಿದ ಈ ಹಬ್ಬಕ್ಕೆ ಹಸಿದವರ ನೆನಪು ಹೊರಗಿನದಲ್ಲ.

ನೆರೆಯವರ ಪಾಠ

ಕೊಟ್ಟು ಉಣ್ಣುವ ರೀತಿಯನ್ನು ತಿಳಿಯಲು ಈ ಭಾಗದ ಕುಟುಂಬಗಳು ದೂರ ಹೋಗಬೇಕಾಗಿಲ್ಲ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ ಮಠ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ ಫಕೀರನೂ ಈಶ್ವರನೂ ಒಂದಾಗಿದ್ದಾರೆ. ಹಿಂದೂಗಳೂ ಮುಸ್ಲಿಮರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಸೋಮೇಶ್ವರ ಗುಡಿ, ಜೈನ ಬಸದಿ, ದೂದಪೀರ ದರ್ಗಾಗಳನ್ನು ಒಡಲಲ್ಲಿಟ್ಟುಕೊಂಡ ಲಕ್ಷ್ಮೇಶ್ವರದಲ್ಲಿ ರಂಜಾನ್ ಬಂದರೆ ಮುಸ್ಲಿಮರು ಪಾಲಿಸುವ ಫಿತ್ರಾ ನಿಯಮವನ್ನು ಗಮನಿಸಬೇಕು. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ ಇಂತಿಷ್ಟು ಧಾನ್ಯ ಅಥವಾ ಅದರ ಬೆಲೆಯನ್ನು ಬಡವರಿಗೆ ಹಬ್ಬದ ನಮಾಜಿಗೆ ಮೊದಲೇ ಕೊಟ್ಟಿರಬೇಕು. ಹಬ್ಬ ಮುಗಿದ ಮೇಲೆ ಉಳಿದದ್ದನ್ನು ಕೊಡುವುದಲ್ಲ; ಬಡವರೂ ಅದೇ ದಿನ ಹಬ್ಬ ಮಾಡಲಿ ಎಂಬುದು ಅದರ ಆಶಯ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ಇನ್ನೊಂದು ಬಗೆಯದು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ವಸತಿಗಳ ಜೊತೆಗೆ ಸಂಗೀತ ವಿದ್ಯೆ ಕೊಟ್ಟರು. ಆ ಮಕ್ಕಳನ್ನು ಸಾಕಲು ನಾಟಕ ಕಂಪನಿಯನ್ನೇ ಕಟ್ಟಿದರು. ಒಂದು ಹೊತ್ತಿನ ಊಟಕ್ಕೆ ನಿಲ್ಲದೆ, ಪಡೆದವನು ತನ್ನ ಕಾಲ ಮೇಲೆ ನಿಲ್ಲುವಂತೆ ಕೊಡುವುದು ದಾನದ ದೊಡ್ಡ ರೂಪ ಎಂಬುದನ್ನು ಪುಣ್ಯಾಶ್ರಮ ತೋರಿಸಿಕೊಟ್ಟಿದೆ.

ಮನೆಯಲ್ಲಿ ಹೇಗೆ?

ಮೊದಲ ಕೆಲಸ ಮಿತಿ ಹಾಕಿಕೊಳ್ಳುವುದು. ಅಮೆರಿಕದ ಲೇಖಕ ಬಿಲ್ ಮೆಕಿಬ್ಬನ್ ಕುಟುಂಬವೊಂದರ ಕ್ರಿಸ್‌ಮಸ್ ಖರ್ಚು ನೂರು ಡಾಲರ್ ದಾಟಬಾರದೆಂಬ ಸಲಹೆಯನ್ನೇ 1998ರಲ್ಲಿ ಪುಸ್ತಕವಾಗಿಸಿದರು. ಮೊತ್ತ ಮುಖ್ಯವಲ್ಲ, ಪೇಟೆಗೆ ಹೋಗುವ ಮೊದಲೇ ಅದು ಗೊತ್ತಿರುವುದು ಮುಖ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಹಬ್ಬಕ್ಕೂ ಸಲ್ಲುತ್ತದೆ. ಉದಾಹರಣೆಗೆ 8000 ರೂಪಾಯಿ ಎತ್ತಿಟ್ಟ ಮನೆ, 2000 ರೂಪಾಯಿಯನ್ನು ಮೊದಲೇ ಬೇರೆ ತೆಗೆದಿಟ್ಟು, ಉಳಿದ 6000ದಲ್ಲಿ ಹಬ್ಬ ಮಾಡಬಹುದು. ಕೊನೆಗೆ ಉಳಿದರೆ ಕೊಡೋಣ ಎಂದುಕೊಂಡರೆ ಏನೂ ಉಳಿಯುವುದಿಲ್ಲ.

ಎರಡನೆಯದು ಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳುವುದು. ಹಿರಿಯರೇ ನಿರ್ಧರಿಸಿ ಆಟಿಕೆ ಕಡಿಮೆ ಮಾಡಿದರೆ ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಯಾರಿಗೆ, ಏನು ಕೊಡಬೇಕೆಂದು ಮಗುವೇ ಆರಿಸಿದರೆ ಅದು ಹಬ್ಬದ ಭಾಗವಾಗುತ್ತದೆ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ 1910ರಿಂದ ಒಂದು ರೂಢಿ ಇದೆ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುತ್ತಾರೆ. ಹೀಗೆ ಕೂಡಿದ್ದು ಚರ್ಚಿನ ಕೆಲಸಕ್ಕೆ ಹೋಗುತ್ತದೆ. ಮಠಗಳ ಜೋಳಿಗೆಗೆ ಹಿಡಿ ಧಾನ್ಯ ಹಾಕುವ ಉತ್ತರ ಕರ್ನಾಟಕಕ್ಕೆ ಇದು ಹೊಸದೇನಲ್ಲ. ದಿನಕ್ಕೆ ನೂರು ಗ್ರಾಂ ಎಂದು ಹಿಡಿದರೂ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳಲ್ಲಿ 2 ಕಿಲೋ 800 ಗ್ರಾಂ ಆಗುತ್ತದೆ. ಹಿಡಿ ಹಾಕುವ ಕೆಲಸ ಮಗುವಿನದಾದರೆ ವಿಖರ್ನ್‌ನ ಮಕ್ಕಳಂತೆ ಅದೂ ದಿನ ಎಣಿಸುತ್ತದೆ.

ಮೂರನೆಯದು ಕೇಳಿ ಕೊಡುವುದು. ಡಿಸೆಂಬರ್ 25ರಂದು ಅನಾಥಾಲಯವೊಂದಕ್ಕೆ ಐದು ಕಡೆಯಿಂದ ಕೇಕು ಬಂದು, ಜನವರಿಯಲ್ಲಿ ಬೇಳೆಗೂ ತತ್ವಾರವಾಗಬಹುದು. ಅಲ್ಲಿ ಬೇಕಾದದ್ದು ಚಳಿಗೆ ಹೊದಿಕೆಯೋ, ಸಾಬೂನೋ, ಜೂನ್ ತಿಂಗಳ ಶಾಲಾ ನೋಟುಬುಕ್ಕೋ ಎಂದು ವಿಚಾರಿಸಿದರೆ ಕೊಟ್ಟದ್ದು ಸಾರ್ಥಕ. ಪಡೆಯುವ ಮಗುವನ್ನು ನಿಲ್ಲಿಸಿ ಫೋಟೊ ತೆಗೆಸುವುದಂತೂ ಬೇಡ. ಶಾಲೆಯ ಸಹಪಾಠಿಗಳ ಕಣ್ಣಿಗೆ ಆ ಚಿತ್ರ ಬಿದ್ದರೆ ಹೊಸ ಅಂಗಿಯ ಸಂತೋಷಕ್ಕಿಂತ ಅವಮಾನವೇ ಹೆಚ್ಚಾದೀತು. ರಾತ್ರಿ ಗಂಟು ಎಸೆದು ಹೋದ ನಿಕೊಲಾಸ್‌ಗೆ ಈ ಸೂಕ್ಷ್ಮ ತಿಳಿದಿತ್ತು.

ಎಲ್ಲರೂ ಖರ್ಚು ತಗ್ಗಿಸಿದರೆ ಹಬ್ಬವನ್ನೇ ನಂಬಿದ ಸಣ್ಣ ವ್ಯಾಪಾರಿಗಳ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳುವುದನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ನಾಲ್ಕು ಅಗ್ಗದ ಸೀರೆಗಳ ಬದಲು ಬೆಟಗೇರಿಯ ಕೈಮಗ್ಗದ ಒಂದೇ ಸೀರೆ ಕೊಂಡರೆ ಆ ಹಣ ನೇಕಾರನ ಮನೆಯ ಒಲೆ ಉರಿಸುತ್ತದೆ. ಬೇಕರಿ ಕೇಕಿನ ಜೊತೆಗೆ ಮನೆಯಲ್ಲೇ ಕರಿದ ಕರ್ಚಿಕಾಯಿ, ಶೇಂಗಾ ಉಂಡಿಗಳ ತಟ್ಟೆ ನೆರೆಮನೆಗೆ ಹೋದರೆ ಹಬ್ಬದ ಕಳೆ ಕುಂದುವುದಿಲ್ಲ. ಸಂಕ್ರಾಂತಿಯಲ್ಲಿ ಎಳ್ಳು-ಬೆಲ್ಲ, ಈದ್ ದಿನ ಸುರ್‌ಕುಂಬಾ ಹಂಚಿ ತಿನ್ನುವ ಓಣಿಗಳಲ್ಲಿ ಆ ತಟ್ಟೆ ಎಂದೂ ಬರಿದಾಗಿ ಮರಳುವುದಿಲ್ಲ.

ಕ್ರಿಸ್‌ಮಸ್ ಮರುದಿನ ಬಣ್ಣದ ಕಾಗದ ಕಸದ ಬುಟ್ಟಿ ಸೇರುತ್ತದೆ. ಚಳಿಯಲ್ಲಿ ಮಲಗಿದವರಿಗೆ ಕೊಟ್ಟ ಹೊದಿಕೆ ಮಾತ್ರ ಮುಂದಿನ ಡಿಸೆಂಬರಿಗೂ ಬೆಚ್ಚಗಿರುತ್ತದೆ.