ಎಂಜಿನ್ ದೊಡ್ಡದಾಯಿತು, ಹಿಂದಿನ ಆಕ್ಸಲ್ ತಾಳೀತೆ?

ಎತ್ತಿನ ಗಾಡಿಯ ಇರಸನ್ನು ನೋಡಿದ್ದೀರಲ್ಲ. ಅದು ತಿರುಗುವುದಿಲ್ಲ. ಗಾಡಿಯ ಭಾರವನ್ನು ಹೊತ್ತು ಸುಮ್ಮನೆ ನಿಂತಿರುತ್ತದೆ. ಚಕ್ರ ಅದರ ಮೇಲೆ ಉರುಳುತ್ತದೆ. ಎತ್ತುಗಳು ಮುಂದಿನಿಂದ ಎಳೆಯುವುದರಿಂದ ಇರಸಿಗೆ ಬೇರೆ ಕೆಲಸವಿಲ್ಲ. ಹಿಂದಿನ ಚಕ್ರಗಳಿಂದ ಓಡುವ ಮೋಟಾರು ಕಾರಿನ ಆಕ್ಸಲ್‌ಗೆ ಈ ಸುಖವಿಲ್ಲ. ಅದು ಭಾರವನ್ನೂ ಹೊರಬೇಕು, ಎಂಜಿನ್ ಕಳಿಸುವ ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಚಕ್ರಕ್ಕೂ ಮುಟ್ಟಿಸಬೇಕು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಓಡುತ್ತವೆ. ಅವುಗಳ ಮಾತು ಇಲ್ಲಿ ಬೇಡ.

ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸುವುದು ಬಹಳ ಜನರ ಹವ್ಯಾಸ. ಎಂಜಿನ್ ಹೊಂದಿಸುವುದಕ್ಕೆ ತಿಂಗಳುಗಟ್ಟಲೆ ದುಡಿಯುತ್ತಾರೆ. ಕಾರಿನ ಹಿಂಭಾಗದಲ್ಲಿ ಕೆಳಗೆ ಅಡಗಿರುವ ಆಕ್ಸಲ್ ನೆನಪಾಗುವುದು ಅದು ಮುರಿದಾಗ. ಯಾವ ಎಂಜಿನ್‌ಗೆ ಎಂಥ ಆಕ್ಸಲ್ ಬೇಕೆಂದು ಮೊದಲೇ ತಿಳಿಯಬಹುದೇ? ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರಿಗೆ ಇದು ಸಾಧ್ಯ. ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲು ಬಲ ಸಾಗುವ ದಾರಿ ನೋಡೋಣ. ಎಂಜಿನ್‌ನಿಂದ ಗೇರ್‌ಬಾಕ್ಸ್, ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನ್‌ಗೆ ಅಂಟಿಕೊಂಡ ಡಿಫರೆನ್ಷಿಯಲ್ ಈ ಬಲವನ್ನು ಎಡ ಬಲ ಎರಡು ಶಾಫ್ಟುಗಳಿಗೆ ಹಂಚುತ್ತದೆ. ಪಿನಿಯನ್ 3.9 ಸುತ್ತು ಸುತ್ತಿದಾಗ ಕ್ರೌನ್ ಒಂದು ಸುತ್ತು ಸುತ್ತಿದರೆ ಅನುಪಾತ 3.9. ವೇಗ ಅಷ್ಟು ಪಾಲು ಇಳಿಯುತ್ತದೆ, ಟಾರ್ಕ್ ಅಷ್ಟು ಪಾಲು ಏರುತ್ತದೆ.

ಈಗ ಲೆಕ್ಕ. ನಮ್ಮ ಕಲ್ಪನೆಯ ಕಾರಿನ ಹಳೆಯ ಎಂಜಿನ್‌ನ ಟಾರ್ಕ್ 130 ನ್ಯೂಟನ್ ಮೀಟರ್ ಇರಲಿ. ಮೊದಲನೆಯ ಗೇರು 3.5, ಆಕ್ಸಲ್ 3.9. ಮೂರನ್ನೂ ಗುಣಿಸಿದರೆ ಶಾಫ್ಟುಗಳಿಗೆ ಒಟ್ಟು 1,775 ನ್ಯೂಟನ್ ಮೀಟರ್ ತಲಪುತ್ತದೆ. ಹೊಸ ಎಂಜಿನ್ 350 ನ್ಯೂಟನ್ ಮೀಟರ್‌ನದು. ಅದರ ಗೇರ್‌ಬಾಕ್ಸಿನ ಮೊದಲ ಗೇರು 2.3. ಆಕ್ಸಲ್ ಹಳೆಯದೇ ಉಳಿದರೆ ಗುಣಲಬ್ಧ 3,140. ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಾಲು!

ಹಾಗಾದರೆ ಹಳೆಯ ಆಕ್ಸಲ್ ಮೊದಲ ದಿನವೇ ಮುರಿಯಬೇಕಲ್ಲ? ಎಷ್ಟೋ ಸಲ ಮುರಿಯುವುದಿಲ್ಲ. ಕಾರಣ ಟೈರು. ರಸ್ತೆಯನ್ನು ಟೈರು ಎಷ್ಟು ಹಿಡಿದೀತೋ ಅಷ್ಟೇ ಬಲ ಶಾಫ್ಟಿನ ಮೇಲೆ ಬಿದ್ದೀತು; ಅದಕ್ಕಿಂತ ಹೆಚ್ಚಾದರೆ ಚಕ್ರ ಜಾರಿ ಗಿರ್ರನೆ ಸುತ್ತುತ್ತದೆ. ಕಾರು ಮುನ್ನುಗ್ಗುವಾಗ ಹಿಂದಿನ ಚಕ್ರಗಳ ಮೇಲೆ 720 ಕಿಲೋಗ್ರಾಂ ಭಾರ ಬೀಳುತ್ತದೆನ್ನಿ. ಒಣ ರಸ್ತೆಯಲ್ಲಿ ಘರ್ಷಣಾಂಕ 0.9, ಚಕ್ರದ ತ್ರಿಜ್ಯ 0.3 ಮೀಟರ್. 720ನ್ನು 9.8, 0.9 ಹಾಗೂ 0.3ರಿಂದ ಗುಣಿಸಿ. ಬರುವ ಉತ್ತರ ಸುಮಾರು 1,905 ನ್ಯೂಟನ್ ಮೀಟರ್. ಎಂಜಿನ್ 3,140 ಕೊಡಲು ಸಿದ್ಧವಿದ್ದರೂ ಟೈರು 1,905ಕ್ಕೇ ಕೈಬಿಡುತ್ತದೆ. ಮನೆಯ ವಿದ್ಯುತ್ ಫಲಕದಲ್ಲಿ ಫ್ಯೂಸ್ ಮಾಡುವ ಕೆಲಸವನ್ನು ಇಲ್ಲಿ ಟೈರು ಮಾಡುತ್ತದೆ. ಆದ್ದರಿಂದ ಎಂಜಿನ್‌ನ ಅಶ್ವಶಕ್ತಿಯೊಂದನ್ನೇ ಕೇಳಿ ಆಕ್ಸಲ್ ಆರಿಸುವುದು ಅರ್ಧ ಲೆಕ್ಕ. ಕಾರಿನ ತೂಕ ಎಷ್ಟು, ಟೈರು ಯಾವುದು ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಫ್ಯೂಸ್ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಅದೇ ಕಾರಿಗೆ ಪಂದ್ಯದ ಅಂಟು ಟೈರು ಹಾಕಿ ಘರ್ಷಣಾಂಕ 1.4ಕ್ಕೆ ಏರಿದರೆ ಮಿತಿ 3,000ದ ಹತ್ತಿರ ಹೋಗುತ್ತದೆ. ಎಂಜಿನ್ ಅದೇ, ಕಾರು ಅದೇ; ಟೈರು ಬದಲಾಯಿಸಿದ ವಾರ ಆಕ್ಸಲ್ ಮುರಿಯುತ್ತದೆ. ಇನ್ನೊಂದು ಅಪಾಯ ಪೆಟ್ಟಿನದು. ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ, ಅಥವಾ ಜಾರುತ್ತಿದ್ದ ಚಕ್ರ ಒಮ್ಮೆಲೇ ಒಣನೆಲ ಹಿಡಿದಾಗ, ಸುತ್ತುತ್ತಿದ್ದ ಭಾಗಗಳ ಜಡತ್ವವೆಲ್ಲ ಸುತ್ತಿಗೆಯೇಟಿನಂತೆ ಹಲ್ಲುಗಳ ಮೇಲೆ ಬೀಳುತ್ತದೆ. ಗುಣಾಕಾರದ ಲೆಕ್ಕ ಅದನ್ನು ಹೇಳುವುದಿಲ್ಲ.

ಮೂರನೆಯದು ಲೋಹದ ದಣಿವು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲದ್ದು ಇದೇ. ಹೊಸ ಗೇರ್‌ಬಾಕ್ಸಿನ ಮೂರನೆಯ ಗೇರು 1.3 ಆಗಿದ್ದರೆ, 350, 1.3, 3.9ರ ಗುಣಲಬ್ಧ ಎಷ್ಟು? ಮತ್ತೆ 1,775! ಹಳೆಯ ಎಂಜಿನ್ ಮೊದಲ ಗೇರಿನಲ್ಲಿ, ದಿಬ್ಬ ಹತ್ತುವಾಗ ಕೆಲವೇ ಕ್ಷಣ ಹೇರುತ್ತಿದ್ದ ಹೊರೆಯನ್ನು ಹೊಸದು ಹೆದ್ದಾರಿಯಲ್ಲಿ ಒಂದೊಂದು ಲಾರಿಯನ್ನು ಹಿಂದೆ ಹಾಕುವಾಗಲೂ ಹೇರುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿ ಮುರಿಯುವಂತೆ, ಒಂದು ಸಲದ ಹೊರೆಗೆ ಮುರಿಯದ ಹಲ್ಲು ಸಾವಿರ ಸಲದ ಹೊರೆಗೆ ಬಿರುಕು ಬಿಡುತ್ತದೆ. ಬಿರುಕು ಒಳಗೊಳಗೇ ಬೆಳೆಯುವುದರಿಂದ ಹೊರಗೆ ಕಾಣುವುದಿಲ್ಲ.

ಮುರಿದರೆ ಆಗುವುದೇನು? ಹಲ್ಲು ಮುರಿದರೆ ಕಾರು ನಿಂತೀತು, ದುಡ್ಡು ಹೋದೀತು. ಶಾಫ್ಟ್ ಮುರಿದರೆ ವಿಷಯ ಬೇರೆ. ಎತ್ತಿನ ಗಾಡಿಯ ಚಕ್ರ ಕಳಚದಂತೆ ಇರಸಿನ ತುದಿಗೆ ಕಡಾಣಿ ಇರುತ್ತದಷ್ಟೆ. ಹಲವು ಅಮೆರಿಕನ್ ಆಕ್ಸಲ್‌ಗಳಲ್ಲಿ ಶಾಫ್ಟನ್ನು ಹಿಡಿದಿಡುವ ಕಡಾಣಿ ಹೊರತುದಿಯಲ್ಲಿಲ್ಲ. ಒಳಗೆ ಡಿಫರೆನ್ಷಿಯಲ್‌ನ ನಡುವೆ ಇಂಗ್ಲಿಷಿನ ‘ಸಿ’ ಅಕ್ಷರದಂಥ ಸಣ್ಣ ಕ್ಲಿಪ್ ಇರುತ್ತದೆ. ಇಂಥದರಲ್ಲಿ ಶಾಫ್ಟ್ ಮಧ್ಯೆ ತುಂಡಾದರೆ ಮುರಿದ ತುಂಡಿನ ಸಮೇತ ಚಕ್ರ ಕಾರಿನಿಂದ ಹೊರಜಾರಬಹುದು. ಓಡುತ್ತಿರುವ ಕಾರಿನಲ್ಲಿ ಇದರ ಪರಿಣಾಮ ವಿವರಿಸಬೇಕಾಗಿಲ್ಲ. ಹೊರತುದಿಯಲ್ಲಿ ಬೇರಿಂಗಿನ ಜೊತೆ ತಟ್ಟೆಯಿಂದ ಬಿಗಿದ ಶಾಫ್ಟಾದರೆ, ಮುರಿದರೂ ಚಕ್ರ ಸಾಮಾನ್ಯವಾಗಿ ಜಾಗದಲ್ಲೇ ಉಳಿಯುತ್ತದೆ. ಗಾತ್ರಕ್ಕಿಂತ ಮೊದಲು ಈ ವ್ಯತ್ಯಾಸವನ್ನು ಕೇಳಿ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ.

ಗಾತ್ರದ ವಿಷಯದಲ್ಲಿ ಒಂದು ಸೂತ್ರ ನೆನಪಿಡಿ. ತಿರುಚುವಿಕೆಯನ್ನು ತಡೆಯುವ ಶಾಫ್ಟಿನ ಶಕ್ತಿ ವ್ಯಾಸದ ಘನಕ್ಕೆ ಅನುಗುಣ. ವ್ಯಾಸ 25 ಮಿಲಿಮೀಟರಿನಿಂದ 30ಕ್ಕೆ ಏರಿದರೆ ಅದೇ ಉಕ್ಕಿನಲ್ಲಿ ಶಕ್ತಿ 1.73 ಪಾಲಾಗುತ್ತದೆ. ಐದೇ ಮಿಲಿಮೀಟರು! ಕ್ರೌನ್ ದೊಡ್ಡದಾದಷ್ಟೂ ಹಲ್ಲಿನ ಮೇಲಿನ ಒತ್ತಡ ಕಡಿಮೆ. ಅದಕ್ಕೇ ಅಮೆರಿಕದಲ್ಲಿ ಆಕ್ಸಲ್‌ಗಳನ್ನು ಕ್ರೌನ್‌ನ ವ್ಯಾಸದಿಂದಲೇ ಹೆಸರಿಸುವ ರೂಢಿ. ಫೋರ್ಡ್ ಕಂಪೆನಿಯ ಒಂಬತ್ತು ಇಂಚಿನ ಆಕ್ಸಲ್ ಇವುಗಳಲ್ಲಿ ಪ್ರಸಿದ್ಧ. 1957ರ ಮಾದರಿಗಳಲ್ಲಿ ಬಂದ ಇದು 1986ರವರೆಗೆ ಫೋರ್ಡ್ ವಾಹನಗಳಲ್ಲಿತ್ತು. ಇತರ ತಯಾರಕರು ಇಂದಿಗೂ ಇದನ್ನು ಮಾಡುತ್ತಾರೆ. ಇದರ ಪಿನಿಯನ್‌ಗೆ ಹಲ್ಲಿನ ಎರಡೂ ಬದಿ ಬೇರಿಂಗಿನ ಆಸರೆಯಿದೆ, ಶಾಫ್ಟಿಗೆ ಹೊರತುದಿಯ ಬಿಗಿತವಿದೆ. ಕ್ರೌನ್ ಪಿನಿಯನ್ ಜೋಡಿಯನ್ನು ಮುಂಭಾಗದಿಂದ ಇಡಿಯಾಗಿ ಇಳಿಸಬಹುದು. ನಮ್ಮ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಲಾರಿಯ ಡಿಫರೆನ್ಷಿಯಲ್ಲನ್ನು ಹೀಗೆ ಇಳಿಸುವುದನ್ನು ನೀವು ನೋಡಿರಬಹುದು.

ಹಾಗೆಂದು ಎಲ್ಲರೂ ಇದನ್ನೇ ಹಾಕಬೇಕೆ? ಇದರ ಪಿನಿಯನ್ ಕ್ರೌನ್‌ನ ಮಧ್ಯರೇಖೆಗಿಂತ ಸಾಕಷ್ಟು ಕೆಳಗಿರುವುದರಿಂದ ಹಲ್ಲುಗಳು ಹೆಚ್ಚು ಉಜ್ಜಾಡುತ್ತವೆ. ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ತೂಕವೂ ಹೆಚ್ಚು. ಈ ತೂಕ ಸ್ಪ್ರಿಂಗಿನ ಕೆಳಗಿನದು ಎಂಬುದನ್ನು ಮರೆಯಬಾರದು. ಸ್ಪ್ರಿಂಗಿನ ಕೆಳಗೆ ಭಾರ ಏರಿದಷ್ಟೂ ಉಬ್ಬುತಗ್ಗಿನಲ್ಲಿ ಚಕ್ರ ನೆಲಬಿಟ್ಟು ಕುಣಿಯುತ್ತದೆ. ಹಗುರ ಕಾರಿಗೆ ಬೇಕಾದ್ದಕ್ಕಿಂತ ದಪ್ಪ ಆಕ್ಸಲ್ ಹಾಕುವುದು ಜಾಣತನವಲ್ಲ.

ಕಾರ್ಖಾನೆಯೇ ಇಂಥ ಕೆಲಸ ಮಾಡಿದ ಉದಾಹರಣೆಯೊಂದಿದೆ. ಬ್ರಿಟನ್ನಿನ ರೂಟ್ಸ್ ಕಂಪೆನಿಯ ಸನ್‌ಬೀಮ್ ಆಲ್ಪೈನ್ ಎಂಬ ಪುಟ್ಟ ಕಾರಿನ ಎಂಜಿನ್ ಸುಮಾರು 80 ಅಶ್ವಶಕ್ತಿಯದು. 1963ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ ಅದಕ್ಕೆ ಫೋರ್ಡಿನ ಎಂಟು ಸಿಲಿಂಡರುಗಳ 4.2 ಲೀಟರ್ ಎಂಜಿನ್ ಕೂರಿಸುವ ಕೆಲಸ ವಹಿಸಿಕೊಂಡರು. 1964ರಲ್ಲಿ ಅದು ಟೈಗರ್ ಎಂಬ ಹೆಸರಿನಿಂದ 164 ಅಶ್ವಶಕ್ತಿಯೊಂದಿಗೆ ಮಾರುಕಟ್ಟೆಗೆ ಬಂತು. ಎಂಜಿನಿಯರುಗಳು ಆಲ್ಪೈನ್‌ನ ಆಕ್ಸಲ್ ನೆಚ್ಚಿಕೊಳ್ಳಲಿಲ್ಲ. ಸಾಲ್ಸ್‌ಬರಿ ಎಂಬ ಹೆಚ್ಚು ಬಲವಾದ ಆಕ್ಸಲ್ ಹಾಕಿದರು; ಅದು ಅಕ್ಕಪಕ್ಕ ಸರಿಯದಂತೆ ಅಡ್ಡ ಸರಳೊಂದನ್ನು ಕೊಟ್ಟರು; ಅನುಪಾತವನ್ನು 2.88ಕ್ಕೆ ಇಳಿಸಿದರು.

ಅನುಪಾತ ಇಳಿಸಿದ್ದೇಕೆ? ನಮ್ಮ ಲೆಕ್ಕದ ಕಾರಿಗೇ ಹಿಂತಿರುಗೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ಚಕ್ರ ನಿಮಿಷಕ್ಕೆ ಸುಮಾರು 884 ಸುತ್ತು ಸುತ್ತುತ್ತದೆ. ನೇರ ಗೇರಿನಲ್ಲಿ 3.9ರ ಆಕ್ಸಲ್ ಇದ್ದರೆ ಎಂಜಿನ್ 3,450 ಸುತ್ತು ಒದರಬೇಕು, 2.9 ಇದ್ದರೆ 2,560 ಸಾಕು. ಕೆಳವೇಗದಲ್ಲೇ ದಂಡಿಯಾಗಿ ಟಾರ್ಕ್ ಕೊಡುವ ದೊಡ್ಡ ಎಂಜಿನನ್ನು ಸುಮ್ಮನೆ ಒದರಿಸುವುದೇಕೆ? ಜೊತೆಗೆ ಮೊದಲ ಗೇರಿನಲ್ಲಿ ಶಾಫ್ಟುಗಳಿಗೆ ಹೋಗುವ ಒಟ್ಟು ಟಾರ್ಕ್ 3,140ರಿಂದ 2,335ಕ್ಕೆ ಇಳಿಯುತ್ತದೆ. ಅನುಪಾತ ಇಳಿದಾಗ ಪಿನಿಯನ್ ದಪ್ಪಗಾಗುತ್ತದೆ, ಅದೂ ಲಾಭವೇ. ಆದರೆ ಸ್ಪೀಡೋಮೀಟರಿಗೆ ಗೇರ್‌ಬಾಕ್ಸಿನಿಂದ ತಂತಿ ಹೋಗುವ ಕಾರುಗಳಲ್ಲಿ ಮುಳ್ಳು ತಪ್ಪು ವೇಗ ತೋರಿಸತೊಡಗುತ್ತದೆ. ಅದರ ಪುಟ್ಟ ಗೇರನ್ನೂ ಬದಲಿಸಬೇಕು.

ಬಲವಾದ ಆಕ್ಸಲ್ ಸಿಕ್ಕರೂ ಅದು ಕಾರಿನಡಿ ಕೂರಬೇಕಲ್ಲ. ಅಗಲ ಹೆಚ್ಚಾದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಅಮೆರಿಕದವರು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ 8.8 ಇಂಚಿನ ಆಕ್ಸಲ್‌ಗಳನ್ನು ಗುಜರಿಯಿಂದ ತಂದು ಬಳಸುತ್ತಾರೆ. 1995ರಿಂದೀಚಿನವುಗಳಲ್ಲಿ ಡಿಸ್ಕ್ ಬ್ರೇಕೂ ಇದೆ. ಆದರೆ ಇದು ಹೇಳಿದೆನಲ್ಲ, ಆ ಒಳಗಿನ ಕ್ಲಿಪ್ಪಿನ ಜಾತಿಯದು. ಅಲ್ಲದೆ ಇದರ ಪಿನಿಯನ್ ನಟ್ಟನಡುವೆ ಇಲ್ಲ. ಒಂದು ಬದಿಯ ಕೊಳವೆ ಉದ್ದ. ಉದ್ದದ ಬದಿಯನ್ನು ಸುಮಾರು ಮೂರು ಇಂಚು ಕತ್ತರಿಸಿ ಬೆಸೆದು, ಇನ್ನೊಂದು ಗಿಡ್ಡ ಶಾಫ್ಟ್ ತಂದು ಹಾಕಿದರೆ ಆಕ್ಸಲ್ ಕಿರಿದೂ ಆಗುತ್ತದೆ, ಪಿನಿಯನ್ ನಡುವಿಗೂ ಬರುತ್ತದೆ. ಅಗ್ಗದ ಉಪಾಯ, ಬೆಸುಗೆ ಮಾತ್ರ ಒಂದಿಷ್ಟೂ ಸೊಟ್ಟಗಾಗಕೂಡದು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ನೋಂದಣಿ ಪತ್ರದ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಹಾಗಾಗಿ ಇಂಥ ಆಸೆಯಿರುವವರು ಸ್ಪ್ಯಾನರ್ ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.

ಹೊಸ ಕ್ರೌನ್ ಪಿನಿಯನ್ ಜೋಡಿಸುವಾಗ ಎರಡರ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಬಿಡಬೇಕು. ನುರಿತ ಮೆಕ್ಯಾನಿಕ್ ಹಲ್ಲುಗಳಿಗೆ ಬಣ್ಣ ಬಳಿದು ಕೈಯಿಂದ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆಯೆಂದು ನೋಡುತ್ತಾನೆ. ಅಳಿಸಿದ ಗುರುತು ಹಲ್ಲಿನ ನಡುಭಾಗದಲ್ಲಿದ್ದರೆ ಸರಿ. ತುದಿಗೋ ಬುಡಕ್ಕೋ ಸರಿದಿದ್ದರೆ ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸಿ, ತೆಗೆದು ಮತ್ತೆ ನೋಡುತ್ತಾನೆ. ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಎಣ್ಣೆ ಬಸಿದು, ಹೊಸದನ್ನು ತುಂಬುತ್ತಾರೆ.