ಉಬ್ಬದ ಎರಡು ಬಲೂನು

ತರಗತಿಯ ಈಸ್ಟ್ ಪ್ರಯೋಗಕ್ಕೆ ನಾನು ಮೂರು ಬಾಟಲಿ ಇಡ್ತೀನಿ. ಮೂರಕ್ಕೂ ಅಷ್ಟಷ್ಟೇ ಈಸ್ಟ್, ಸಕ್ಕರೆ, ನೀರು, ಬಾಯಿಗೆ ಬಲೂನು. ಬೇರೆಯಾಗೋದು ನೀರಿನ ಬಿಸಿ ಮಾತ್ರ: ಒಂದಕ್ಕೆ ಐಸ್ ನೀರು, ಒಂದಕ್ಕೆ 38 ಡಿಗ್ರಿ ಸೆಲ್ಸಿಯಸ್, ಇನ್ನೊಂದಕ್ಕೆ 70. (70ರದ್ದನ್ನು ಮಕ್ಕಳ ಕೈಗೆ ಕೊಡಲ್ಲ, ನಾನೇ ಸುರೀತೀನಿ.) ಬಿಸಿ ಹೆಚ್ಚಿದಷ್ಟೂ ಬಲೂನು ದೊಡ್ಡದಾಗುತ್ತೆ ಅನ್ನೋದು ಮಕ್ಕಳ ಊಹೆ.

ಅರ್ಧ ಗಂಟೆಗೆ ಚೆನ್ನಾಗಿ ಉಬ್ಬಿರೋದು 38ರದ್ದು. ಈಸ್ಟ್ ಸಕ್ಕರೆ ತಿಂದು ಬಿಡೋ ಇಂಗಾಲದ ಡೈಆಕ್ಸೈಡ್ ಅದು. ಉಳಿದೆರಡು ಜೋತುಬಿದ್ದಿರುತ್ತವೆ, ನೋಡೋಕೆ ಒಂದೇ ಥರ. ಇಲ್ಲಿಗೇ ನಿಲ್ಲಿಸಿದರೆ ಪ್ರಯೋಗ ಅರ್ಧವೇ. ಆ ಎರಡನ್ನೂ ಉಗುರುಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ನಿಲ್ಲಿಸಿ, ಕಾಯಿರಿ. ತಣ್ಣಗಿದ್ದದ್ದು ನಿಧಾನಕ್ಕೆ ಉಬ್ಬುತ್ತೆ. ಅಲ್ಲಿ ಈಸ್ಟ್ ಬರೀ ಮಂದವಾಗಿತ್ತು. 70ರದ್ದು ಎಷ್ಟು ಕಾದರೂ ಏಳಲ್ಲ. ಅದು ಸತ್ತಿದೆ.